ಮೇಷ್ಟ್ರ ಮಗಳಿಗೆ ಜ್ವರ

ಫೆಬ್ರವರಿ ೯

ಅಕ್ಕಾ,

ಸತ್ತವರ ಬಾಯಿಗೆ ಅವರು ಆಡದ ಮಾತು ತುರುಕುವುದು ತಪ್ಪು. ಆ ತಪ್ಪನ್ನು ನಿಮ್ಮ ಕಂಪನಿ ಮಾಡುತ್ತಿದೆ, ನಿನ್ನ ಕೈಯಿಂದ ಮಾಡಿಸುತ್ತಿದೆ. ಕ್ಷೇಮಸಮಾಚಾರ ಆಮೇಲೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೇಲ್ ಹಾಕಿದರೆ ನಿನಗಿಂತ ಮೊದಲು ಕಂಪನಿ ಓದುತ್ತದೆ. ಅದಕ್ಕೇ ಕಾಗದ. ಇದನ್ನು ಹರಿದು ಬಿಸಾಕಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕು.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಸಂಜೆ ತರಗತಿ ನಡೆಸುವುದು ನಿನಗೆ ಗೊತ್ತು. ದಿನವಿಡೀ ದುಡಿದು ಬಂದವರಿಗೆ ಪ್ರೋಗ್ರಾಮ್ ಬರೆಯಲು ಕಲಿಸುತ್ತೇವೆ, ಯಾರಿಂದಲೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಇಷ್ಟು ದಿನ ಭಾವನ ಹಳೆಯ ಪಾಠಗಳನ್ನೇ ಗೋಡೆಯ ಮೇಲೆ ತೋರಿಸುತ್ತಿದ್ದೆ. ಅವರು ಬದುಕಿದ್ದಾಗ ಇಳಿಸಿಟ್ಟುಕೊಂಡ ಪ್ರತಿಗಳು. ಈ ವರ್ಷ ಇವರು ಬರೆಯಬೇಕಾದ ಪರೀಕ್ಷೆ ಬದಲಾಗಿದೆ, ಹಳೆಯದು ಸಾಲದು. ಹಾಗಾಗಿ ನಿಮ್ಮ ಆನ್‌ಲೈನ್ ಕೋರ್ಸಿನಲ್ಲಿ ಈಗಿರುವ ಪಾಠವನ್ನು ಮೊನ್ನೆ ಮೊದಲ ಸಲ ಹಾಕಿದೆ. ಪರದೆಯ ಮೇಲೆ ಕೋಡ್, ಹಿಂದೆ ಭಾವನ ದನಿ, ಎಂದಿನಂತೆ.

ಅರ್ಧ ಪಾಠ ಮುಗಿದಿತ್ತು. ನಮ್ಮ ಬಸ್ ಕಂಡಕ್ಟರ್ ಇದ್ದಕ್ಕಿದ್ದಂತೆ ನಕ್ಕ.

"ಮೇಡಂ, ಈ ಮೇಷ್ಟ್ರು ಉಸಿರೇ ತಗೊಳ್ಳಲ್ವಲ್ಲ! ನೀರಲ್ಲಿ ಮುಳುಗಿ ಪಾಠ ಮಾಡ್ತಿದಾರಾ?"

"ಸ್ಟಾಪ್ ಸ್ಟಾಪಲ್ಲೂ ನಿಂತ್ಕೊಂಡು ಹೋಗೋಕೆ ಅವರೇನು ನಿನ್ನ ಬಸ್ಸಾ?" ಎಂದಳು ಬ್ಯೂಟಿ ಪಾರ್ಲರಿನ ಹುಡುಗಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕಿವಿಗೊಟ್ಟು ಕೇಳಿದೆ.

ಮಾತಿನ ನಡುವೆ ಮೂಗಿನಲ್ಲಿ ಸಣ್ಣಗೆ ಉಸಿರೆಳೆಯುವುದು ಭಾವನ ಅಭ್ಯಾಸ. ಒಂದು ವಾಕ್ಯದಲ್ಲಿ ಅದು ಇತ್ತು, ಮುಂದಿನದರಲ್ಲಿ ಇರಲಿಲ್ಲ. ಇದ್ದದ್ದು ಅವರದು, ಇಲ್ಲದ್ದು ನಿಮ್ಮದು. ಅಷ್ಟರಲ್ಲಿ ಅವರು ಕಳೆದ ಸೆಪ್ಟೆಂಬರಿನಲ್ಲಿ ಬಂದ ಪ್ರೋಗ್ರಾಮ್ ಭಾಷೆಯ ಹೊಸ ಆವೃತ್ತಿಯ ಬಗ್ಗೆ ಹೇಳತೊಡಗಿದರು. ಆ ಸೆಪ್ಟೆಂಬರಿಗೆ ಅವರು ತೀರಿಕೊಂಡು ವರ್ಷ ದಾಟಿತ್ತು, ಅಕ್ಕಾ! ಕೊನೆಗೆ, "ಅರ್ಥ ಆಗದಿದ್ರೂ ತಲೆ ಅಲ್ಲಾಡಿಸಬೇಡಿ, ನಂಗೆ ಗೊತ್ತಾಗತ್ತೆ" ಎಂದರು. ಭಾವ ಜನ್ಮದಲ್ಲಿ ಆ ಮಾತು ಆಡಿದವರಲ್ಲ. ನನಗೆ ಮಗ್ಗಿ ಕಲಿಸುವಾಗ ಅಡಿಪಟ್ಟಿ ಹಿಡಿದು ನೀನು ಆಡುತ್ತಿದ್ದ ಮಾತು ಅದು.

ದುಡಿಯುವವನ ದೇಹ ಮಣ್ಣಾದ ಮೇಲೂ ಅವನ ದನಿಯನ್ನು ಡ್ಯೂಟಿಗೆ ಹಾಕುವ ವ್ಯವಸ್ಥೆಗೆ ಏನೆನ್ನಬೇಕು? ನಾನೇ ಬರೆದ ಕರಪತ್ರ ಇದರೊಳಗಿದೆ. ಓದು. ನಿಲ್ಲಿಸು.

ನಿನ್ನ ತಂಗಿ

*

ಫೆಬ್ರವರಿ ೨೨

ಬೆಂಕಿಕಡ್ಡೀ,

ಕಾಗದ ಹರಿಯಲಿಲ್ಲ. ಕರಪತ್ರವನ್ನೂ ಓದಿದೆ. ಒಂದೇ ಪುಟದಲ್ಲಿ 'ಶೋಷಣೆ' ಅಷ್ಟು ಸಲ ಬಂದರೆ ಓದುವವರಿಗೂ ಅದೇ ಆಗುತ್ತದೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಲಿಲ್ಲ, ಬೈದೆ ಅಷ್ಟೆ. ಈಗ ಹೇಳುತ್ತೇನೆ. ನಮ್ಮ ಪಾಠಗಳು ಪುಸ್ತಕದಂತೆ ಕಪಾಟಿನಲ್ಲಿ ಇಟ್ಟಷ್ಟು ದಿನ ಇರುವಂಥವಲ್ಲ. ಹಾಲಿನಂಥವು. ಭಾಷೆಯ ಹೊಸ ಆವೃತ್ತಿ ಬರುತ್ತದೆ, ನಿನ್ನೆ ಓಡುತ್ತಿದ್ದ ಕೋಡ್ ಇವತ್ತು ಓಡುವುದಿಲ್ಲ. ಎಡಗಡೆ ಇದ್ದ ಗುಂಡಿ ಬಲಗಡೆ ಹೋಗುತ್ತದೆ. ಕಲಿಯುವವರು ಬರೆಯುತ್ತಾರೆ: 'ಮೇಷ್ಟ್ರು ಒತ್ತು ಎಂದ ಗುಂಡಿ ನನ್ನ ಪರದೆಯಲ್ಲಿ ಇಲ್ಲ. ನಾನು ದಡ್ಡನೋ, ಅವರು ಸುಳ್ಳರೋ?' ಅಂಥ ದೂರುಗಳನ್ನು ಓದಿ ಪಾಠವನ್ನು ಇವತ್ತಿಗೆ ಹೊಂದಿಸುವುದು ನನ್ನ ಕೆಲಸ. ಹೊಂದಿಸದಿದ್ದರೆ ಆ ಪಾಠದ ಮೇಲೆ 'ಹಳೆಯದು' ಎಂಬ ಹಳದಿ ಪಟ್ಟಿ ಬೀಳುತ್ತದೆ. ಆಮೇಲೆ ಅದನ್ನು ತೆಗೆದುಹಾಕುತ್ತಾರೆ.

ನಿನ್ನ ಭಾವ ಹೋದಮೇಲೆ ಮೊದಲ ಹಳದಿ ಪಟ್ಟಿ ಬಿದ್ದದ್ದು ನಾಲ್ಕನೆಯ ಪಾಠಕ್ಕೆ. ಅದರಲ್ಲಿ ಅವರು ಮಾತಿನ ಮಧ್ಯೆ "ಒಂದ್ನಿಮಿಷ, ಹಾಲು ಉಕ್ತಿದೆ" ಎಂದು ಎದ್ದು ಹೋಗುತ್ತಾರೆ. ಖಾಲಿ ಕುರ್ಚಿ ಕಿರುಗುಟ್ಟುತ್ತದೆ, ಒಲೆ ಆರಿಸಿದ ಸದ್ದು, ಮತ್ತೆ ಚಪ್ಪಲಿಯ ಸದ್ದು. ಅದನ್ನು ಕತ್ತರಿಸಬೇಕೆಂದು ನಮ್ಮಿಬ್ಬರಿಗೂ ಅನಿಸಿರಲಿಲ್ಲ. ಅಷ್ಟನ್ನು ಉಳಿಸಲು ಒಂದು ವಾಕ್ಯ ಬದಲಿಸಬೇಕಿತ್ತು. ಅವರ ದನಿ ಕಲಿತ ಯಂತ್ರ ಕಂಪನಿಯಲ್ಲಿತ್ತು. ನಾನು ವಾಕ್ಯ ಬರೆದೆ, ಅದು ಹೇಳಿತು. ಮುಂದಿನ ತಿಂಗಳು ಇನ್ನೊಂದು ಪಾಠ, ಇನ್ನೊಂದು ವಾಕ್ಯ. ತೇಪೆ ಹೆಚ್ಚಾಗಿ ಬಟ್ಟೆ ಕಡಿಮೆಯಾಗಿದೆ ಎಂದು ನನಗೆ ಗೊತ್ತಿಲ್ಲವೆ? ಬಿಟ್ಟರೆ ಅವರು ಹೋಗುತ್ತಾರೆ, ಮುಟ್ಟಿದರೂ ಹೋಗುತ್ತಾರೆ. ನಿನ್ನ ಕರಪತ್ರಗಳಲ್ಲಿ ಇದಕ್ಕೆ ಪರಿಹಾರ ಇದ್ದರೆ ಪುಟ ಸಂಖ್ಯೆ ಬರೆ.

ಹಳೆಯ ಪ್ರತಿಗಳು ನಿನ್ನ ಹತ್ತಿರ ಇವೆ ಎನ್ನುತ್ತೀಯ. ಇರಲಿ. ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಎಲ್ಲೆಲ್ಲಿಯದೋ ಜನ ಬೆಳಗಾದರೆ ಕೇಳುವುದು ಬೇರೆ. ಯಾರೂ ಕೇಳದ ಪಾಠ ಎಂದರೆ ಅವರಿಗೆ ಎಷ್ಟು ಸಂಕಟವಾಗುತ್ತಿತ್ತು, ನಿನಗೆ ಗೊತ್ತು.

ಉಸಿರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಾನು ಗಮನಿಸಿರಲಿಲ್ಲ. ಸರಿಪಡಿಸುತ್ತೇನೆ.

ಅಕ್ಕ

*

ಮಾರ್ಚ್ ೧೫

ಅಕ್ಕಾ,

ಸರಿಪಡಿಸುತ್ತೀಯಾ? ನಾನೇನು ನಿನಗೆ ದೂರು ಬರೆದ ವಿದ್ಯಾರ್ಥಿಯೆ?

ನಿನ್ನ ಕಾಗದ ಬಂದ ಮರುದಿನವೇ ನಿಮ್ಮ ಕೋರ್ಸನ್ನು ತರಗತಿಯಿಂದ ಹೊರಗೆ ಹಾಕಿದೆ. ಹೆಣದ ದನಿಯಿಂದ ಜ್ಞಾನ ಬೇಡ, ನಾನೇ ಕಲಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಬೋರ್ಡಿನ ಮುಂದೆ ನಿಂತೆ. ಒಂದು ವಾರ ನಡೆಯಿತು. ಶುಕ್ರವಾರ ನಮ್ಮ ನಿವೃತ್ತ ನರ್ಸಮ್ಮ ತರಗತಿ ಮುಗಿದ ಮೇಲೆ ನಿಂತರು. ಚೀಲದ ಜಿಪ್ಪನ್ನು ಸುಮ್ಮನೆ ಎಳೆಯುತ್ತಾ ಇದ್ದರು.

"ಏನಮ್ಮಾ?"

"ಬೇಜಾರು ಮಾಡ್ಕೋಬೇಡಿ. ನೀವು ಭಾಷಣ ತುಂಬಾ ಚೆನ್ನಾಗಿ ಮಾಡ್ತೀರಿ. ಪಾಠ ಮಾತ್ರ ಮೇಷ್ಟ್ರೇ ಮಾಡ್ಲಿ."

ಹಿಂದಿನಿಂದ ಸೆಕ್ಯುರಿಟಿ ಗಾರ್ಡ್, "ಜೂನ್ ಕೊನೇಲಿ ಪರೀಕ್ಷೆ ಮೇಡಂ. ಇದು ಪಾಸಾದ್ರೆ ನಂಗೆ ಒಳಗೆ ಕೂತು ಮಾಡೋ ಕೆಲಸ ಕೊಡ್ತಾರಂತೆ. ಹನ್ನೆರಡು ವರ್ಷದಿಂದ ಗೇಟ್ ಹತ್ರ ನಿಂತಿದೀನಿ" ಎಂದ.

ನನ್ನ ತತ್ವವೂ ನನ್ನ ಜನವೂ ಹೀಗೆ ಎದುರುಬದುರು ನಿಂತದ್ದು ಇದೇ ಮೊದಲು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಪುಟ ಸಂಖ್ಯೆ ಕೇಳಿದ್ದೆಯಲ್ಲ, ತಗೋ: ಇಲ್ಲ.

ಸೋಮವಾರ ಪಾಠ ಮತ್ತೆ ಹಾಕಿದೆ. ಈಗ ಉಸಿರೂ ಬರುತ್ತಿದೆ. ಪ್ರತಿ ವಾಕ್ಯಕ್ಕೂ ಒಂದು, ಎಲ್ಲಾ ಕಡೆ ಅದೇ ಉಸಿರು. ಕಂಡಕ್ಟರ್ ಈ ಸಲ ನಗಲಿಲ್ಲ. ಉಳಿದವರು ಬರೆದುಕೊಳ್ಳುತ್ತಿದ್ದರು. ನಾನೊಬ್ಬಳೇ ಕಿಟಕಿಯ ಪಕ್ಕ ನಿಂತು, ಕೆಳಗೆ ಟೈರಿಗೆ ಗಾಳಿ ತುಂಬುವುದನ್ನು ನೋಡುತ್ತಿದ್ದೆ.

ನಿಲ್ಲಿಸಕ್ಕಾ. ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ತಂಗಿ

*

ಏಪ್ರಿಲ್ ೧೯

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ನಾನೇ ಬರೆಯುತ್ತಿದ್ದೇನೆ. ಬೈಯುವುದಕ್ಕಲ್ಲ.

ಈ ವಾರ ಷರತ್ತುಗಳ ಪಾಠ. ಹೀಗಾದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು ಎಂದು ಕಂಪ್ಯೂಟರಿಗೆ ಹೇಳುವುದು. ಹಳೆಯ ಪ್ರತಿಯಲ್ಲಿ ಭಾವ ರಸ್ತೆಯ ಸಿಗ್ನಲ್ ದೀಪದ ಉದಾಹರಣೆ ಕೊಡುತ್ತಿದ್ದರು. ಹೊಸದರಲ್ಲಿ ಅವರು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ:

"ನಮ್ಮ ಮಗಳಿಗೀಗ ಆರು ವರ್ಷ. ಮಳೆ ಬಂದ್ರೆ ಕೊಡೆ, ಬಿಸಿಲಾದ್ರೆ ಟೋಪಿ ಅಂತ ಹೇಳ್ಕೊಟ್ಟಿದ್ದೆ. ಮೊನ್ನೆ ಮಳೆ ಬಿಸಿಲು ಎರಡೂ ಬಂತು. ಎರಡೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾಳೆ. ತಪ್ಪು ಅವಳದಲ್ಲ, ಷರತ್ತು ಬರೆದ ನಂದು."

ಕೋಣೆಯಲ್ಲಿ ಎಲ್ಲರ ಮುಖವೂ ಅರಳಿತು. ನರ್ಸಮ್ಮ ನನ್ನ ಕಡೆ ತಿರುಗಿ, "ಎಂಥಾ ಜಾಣೆ! ಏನು ಮೇಡಂ ಮಗೂ ಹೆಸರು?" ಎಂದರು. ಮೇಷ್ಟ್ರು ನನ್ನ ಭಾವನೆಂದು ಅವರಿಗೆಲ್ಲ ಗೊತ್ತು. ತೀರಿಕೊಂಡದ್ದನ್ನು ನಾನು ಹೇಳಿರಲಿಲ್ಲ. ಮೊದಲು ಅವಶ್ಯಕತೆ ಬರಲಿಲ್ಲ, ಆಮೇಲೆ ಬಾಯಿ ಬರಲಿಲ್ಲ.

"ಗೊತ್ತಿಲ್ಲ" ಎಂದೆ.

ಮೆಟ್ಟಿಲಿಳಿಯುವಾಗ ಹೊಳೆಯಿತು. ಹೆಸರು ಗೊತ್ತಿಲ್ಲ ಎಂದರೆ ಮಗು ಇದ್ದಾಳೆ ಎಂದು ಒಪ್ಪಿದಂತಾಯಿತು.

ನಿಮಗೆ ಮಕ್ಕಳಾಗಲಿಲ್ಲ. ಆ ಆಸ್ಪತ್ರೆಯ ಓಡಾಟ, ಆ ಎರಡು ಸಲ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು, ಎಲ್ಲ ನನಗೆ ನೆನಪಿದೆ. ಆ ವಾಕ್ಯ ನೀನು ಬರೆದೆಯಾ? ಹೌದು ಎಂದರೂ ಸಿಟ್ಟು ಮಾಡುವುದಿಲ್ಲ. ಉತ್ತರ ಕೊಡು.

ನಿನ್ನ ತಂಗಿ

*

ಮೇ ೧೭

ಬೆಂಕಿಕಡ್ಡೀ,

ನಾನು ಬರೆದಿಲ್ಲ.

ಮಾರ್ಚಿನಿಂದ ವಾಕ್ಯ ಬರೆಯುವುದು ನನ್ನ ಕೆಲಸವಲ್ಲ. ದೂರು ಓದುವುದು, ತಿದ್ದುವುದು, ಅವರ ದನಿಯಲ್ಲಿ ಹೇಳುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಹೊಸ ಪಾಠ ನನ್ನ ಮೇಜಿಗೆ ಬರುತ್ತದೆ. ನಾನು ಕೇಳಿ ಒಪ್ಪಿಗೆ ಒತ್ತಬೇಕು. ಯಂತ್ರಕ್ಕೆ ಅವರ ರೀತಿ ಕಲಿಸಲು ಹಿಂದಿನ ರೆಕಾರ್ಡಿಂಗ್ ಎಲ್ಲ ಕೊಡಿ ಎಂದರು ಕಂಪನಿಯವರು. ಕೊಟ್ಟೆ. ಕತ್ತರಿಸದ ಹಸಿ ಪ್ರತಿಗಳನ್ನೂ ಕೊಟ್ಟುಬಿಟ್ಟೆ. ಕೊಡುವ ಮೊದಲು ಕೇಳಬೇಕಿತ್ತು, ಕೇಳುವ ಧೈರ್ಯ ಇರಲಿಲ್ಲ.

ನಿನ್ನ ಏಪ್ರಿಲಿನ ಕಾಗದ ಬಂದಮೇಲೆ ಕೇಳಿದೆ. ಪಾಠಕ್ಕೂ ಪಾಠಕ್ಕೂ ನಡುವೆ ಮೈಕ್ ಆನ್ ಇದ್ದದ್ದು ಇಬ್ಬರಿಗೂ ಮರೆತಿರುತ್ತಿತ್ತು. ನಾನು ದೀಪ ಸರಿಮಾಡುತ್ತಿದ್ದೇನೆ, ಅವರು ಮಾತಾಡುತ್ತಿದ್ದಾರೆ.

"ಮಗಳು ಹುಟ್ಲಿ, ಮೊದಲು ಅವಳ ಮುಂದೇನೇ ಪಾಠ ಮಾಡ್ತೀನಿ. ಅವಳಿಗೆ ತಿಳಿದೇ ಇದ್ರೆ ರೆಕಾರ್ಡೇ ಮಾಡಲ್ಲ."

"ಮೊದಲು ಹುಟ್ಲಿ ಮಹರಾಯ. ಸಿಲಬಸ್ ಆಮೇಲೆ."

"ಹುಟ್ತಾಳೆ ಬಿಡು. ನಿನ್ನ ಹಾಗೆ ಹಟ ಇರ್ಬೇಕು, ಕೂದಲು ಮಾತ್ರ ನಂದು ಬೇಡ."

ಇಬ್ಬರೂ ನಗುತ್ತೇವೆ. ಆ ಪ್ರತಿಗೆ ಈಗ ಏಳು ವರ್ಷ ತುಂಬುತ್ತದೆ. ಅವಳಿಗೆ ಆರು ಎಂದು ಯಂತ್ರ ಲೆಕ್ಕ ಹಾಕಿದೆ. ಒಂಬತ್ತು ತಿಂಗಳನ್ನೂ ಕಳೆದು.

ಕೊಡೆ ಟೋಪಿಯ ಪಾಠ ಬಂದ ದಿನವೇ ಆ ವಾಕ್ಯ ಹೊಡೆದುಹಾಕಬೇಕಿತ್ತು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಒಪ್ಪಿಗೆ ಒತ್ತಿದೆ. ಮುಂದಿನ ಸೋಮವಾರವೂ ಒತ್ತಿದೆ. ಈಗ ಅವಳಿಗೆ ಮುಂದಿನ ಹಲ್ಲೊಂದು ಬಿದ್ದಿದೆ. ಪಟ್ಟಿಯಿಂದ ಒಂದನ್ನು ತೆಗೆದರೆ ಉಳಿದವುಗಳ ಕ್ರಮಸಂಖ್ಯೆ ಹೇಗೆ ಬದಲಾಗುತ್ತದೆ ಎಂಬ ಪಾಠದಲ್ಲಿ.

ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದಿದ್ದ. "ಮಗಳ ಉದಾಹರಣೆ ಇರೋ ಪಾಠಗಳನ್ನ ಜನ ಅರ್ಧಕ್ಕೆ ಬಿಟ್ಟು ಹೋಗ್ತಿಲ್ಲ. ಸಖತ್ ಐಡಿಯಾ ನಿಮ್ದು."

"ಐಡಿಯಾ ನಂದಲ್ಲ."

"ಯಾರದ್ದಾದ್ರೇನು ಬಿಡಿ, ವರ್ಕ್ ಆಗ್ತಿದೆ."

ಈಗ ಒಂದು ಕಾಗದ ತಯಾರಾಗಿದೆ. ದನಿಯನ್ನೂ 'ಕುಟುಂಬದ ಉದಾಹರಣೆ'ಗಳನ್ನೂ ಕಂಪನಿ ಎಂದೆಂದಿಗೂ ಬಳಸಬಹುದು, ನನ್ನ ಒಪ್ಪಿಗೆ ಇನ್ನು ಬೇಕಾಗಿಲ್ಲ ಎಂದು. ಜೂನ್ ೧೧, ಗುರುವಾರ, ಹತ್ತೂವರೆಗೆ ಸಹಿ. ಹಾಕದಿದ್ದರೆ ಅವತ್ತೇ ಕೋರ್ಸ್ ಮುಚ್ಚುತ್ತಾರೆ. ನಿನ್ನ ಗಾರ್ಡಿಗೆ ಪರೀಕ್ಷೆಯ ಪಾಠವಿಲ್ಲ. ನನಗೆ ಸೋಮವಾರವಿಲ್ಲ.

ಬುದ್ಧಿ ಹೇಳಬೇಡ. ನನಗೆ ಬುದ್ಧಿ ಇದೆ. ಆದರೂ ಭಾನುವಾರ ಸಂಜೆಯಾಗುತ್ತಿದ್ದಂತೆ ನಾಳೆ ಅವಳು ಏನು ಮಾಡುತ್ತಾಳೋ ಎಂದು ಕಾಯುತ್ತೇನೆ.

ಅಕ್ಕ

*

ಮೇ ೨೪

ಅಕ್ಕಾ,

ಈ ಸಲ ಕರಪತ್ರ ಇಟ್ಟಿಲ್ಲ. ಸಹಿ ಹಾಕಬೇಡ ಎಂದು ಎರಡು ಹಾಳೆ ಬರೆದಿದ್ದೆ. ಗಾರ್ಡ್ ಬಂದು ಮುಂದಿನ ಬೆಂಚಿನಲ್ಲಿ ಕೂತ. ಅವನನ್ನು ನೋಡಿ ಹರಿದೆ. ಸಹಿ ಹಾಕು ಎಂದು ಬರೆಯಲು ಕೈ ಬರಲಿಲ್ಲ.

ಹಲ್ಲಿನ ಪಾಠವನ್ನು ನಾವೂ ಕೇಳಿದೆವು. ಪಾರ್ಲರಿನ ಹುಡುಗಿ ತನ್ನ ತಮ್ಮನ ಹಲ್ಲು ಬಿದ್ದ ಕಥೆ ಹೇಳಿದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅಕ್ಕಾ. ಭಯವಾದದ್ದು ಅದಕ್ಕೇ.

ಊಟ ಮಾಡುತ್ತಿದ್ದೀಯಾ? ಭಾನುವಾರಗಳಲ್ಲಿ ನಾನು ಬಂದು ಇರಲೇ?

ನಿನ್ನ ತಂಗಿ

*

ಜೂನ್ ೨

ಬೆಂಕಿಕಡ್ಡೀ,

ನಿನ್ನೆಯ ಪಾಠ ನಿಮ್ಮ ತರಗತಿಗೂ ಬಂದಿರುತ್ತದೆ. "ನಮ್ಮ ಮಗಳಿಗೆ ನಿನ್ನೆಯಿಂದ ಜ್ವರ. ಮೂವತ್ತೆಂಟು ಡಿಗ್ರಿ ದಾಟಿದ್ರೆ ಔಷಧಿ, ಮೂವತ್ತೊಂಬತ್ತು ದಾಟಿದ್ರೆ ಆಸ್ಪತ್ರೆ. ಷರತ್ತಿನೊಳಗೆ ಷರತ್ತು. ಹೇಗೆ ಬರೆಯೋದು ನೋಡೋಣ."

ಪಾಠ ಮುಗಿಯಿತು. ಜ್ವರ ಎಷ್ಟಿತ್ತು ಎಂದು ಅವರು ಹೇಳಲಿಲ್ಲ. ಪಾಠಕ್ಕೆ ಅದು ಬೇಕಾಗಿರಲಿಲ್ಲ.

ನಾನು ಒಪ್ಪಿಗೆ ಒತ್ತಿದೆ. ಚೀಲ ತೆಗೆದುಕೊಂಡೆ. ಪಕ್ಕದ ಮೇಜಿನವಳು "ಎಲ್ಲಿಗೆ?" ಎಂದಾಗ "ಮನೇಲಿ ಹುಷಾರಿಲ್ಲ" ಎಂದೆ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ. ಬಸ್ಸಿನಲ್ಲಿ ನಿಂತೇ ಬಂದೆ. ದಾರಿಯಲ್ಲಿ ಔಷಧಿ ಅಂಗಡಿಯವನ ಹತ್ತಿರ ಮಕ್ಕಳ ಜ್ವರದ ಸಿರಪ್ ಕೇಳಿದೆ. "ಎಷ್ಟು ವರ್ಷದ ಮಗು?" ಎಂದ. "ಆರು" ಎಂದೆ. ಚಮಚದ ಅಳತೆ ಹೇಳಿಕೊಟ್ಟ.

ಬೀಗ ತೆಗೆದು ಒಳಗೆ ಹೋದೆ. ಕೋಣೆಯ ಬಾಗಿಲವರೆಗೂ ಹೋದೆ. ಮಂಚದ ಮೇಲೆ ನಾನು ಬೆಳಿಗ್ಗೆ ಮಡಚಿಟ್ಟ ಹೊದಿಕೆ ಮಡಚಿಟ್ಟ ಹಾಗೇ ಇತ್ತು. ಕೈ ಚಾಚಿಕೊಂಡೇ ನಿಂತಿದ್ದೆ. ಯಾರ ಹಣೆ ಮುಟ್ಟಲಿ?

ಸಹಿ ಹಾಕಿದರೆ ಮುಂದೆ ಅವಳ ಬಗ್ಗೆ ಏನು ಹೇಳಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ಷರತ್ತು ಎರಡು ಕಡೆಗೂ ಹೋಗುತ್ತದೆ, ಅವಳು ಗುಣವಾದರೂ ಆಗದಿದ್ದರೂ ಪಾಠಕ್ಕೆ ಎರಡೂ ಒಂದೇ. ಹಾಕದಿದ್ದರೆ ಜ್ವರದಲ್ಲಿ ಮಲಗಿದವಳನ್ನು ನಾನೇ ಬಿಟ್ಟು ಬಂದ ಹಾಗೆ. ಇದು ಹುಚ್ಚು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹುಟ್ಟದವಳನ್ನು ಆಸ್ಪತ್ರೆಯಲ್ಲಿ ಎರಡು ಸಲ ಬಿಟ್ಟು ಬಂದಿದ್ದೇನೆ. ಮೂರನೆಯ ಸಲ ಒಬ್ಬಳೇ ಆಗುವುದಿಲ್ಲ.

ಅಕ್ಕ

*

ಜೂನ್ ೮

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಕಂಡಕ್ಟರಿಗೆ ನಿಮ್ಮ ಕಡೆಯ ಬಸ್ಸಿನ ಡ್ಯೂಟಿ. ನಿನ್ನ ಕೈಯಲ್ಲೇ ಕೊಡುತ್ತಾನೆ.

ಇವತ್ತು ಸೋಮವಾರ. ಎಲ್ಲರೂ ಎಂದಿಗಿಂತ ಬೇಗ ಬಂದು ಕೂತಿದ್ದರು. ನಾನು ಇನ್ನೂ ವೈರ್ ಸಿಕ್ಕಿಸುತ್ತಿದ್ದೆ.

"ಜ್ವರ ಇಳೀತಾ ಮೇಡಂ?" ಎಂದರು ನರ್ಸಮ್ಮ. "ಆಸ್ಪತ್ರೆಗೆ ಹೋಗೋ ಹಾಗಾಯ್ತಾ? ನಂಗೆ ವಾರವೆಲ್ಲ ಅದೇ ಯೋಚನೆ."

ವೈರ್ ಕೆಳಗಿಟ್ಟೆ. ಎದ್ದು ನಿಂತೆ. ಮೇಷ್ಟ್ರು ಇಲ್ಲ, ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು, ಮಗಳು ಇರಲೇ ಇಲ್ಲ ಎಂದೆ. ಕೆಳಗೆ ಅಂಗಡಿಯಲ್ಲಿ ಗಾಳಿ ಯಂತ್ರ ನಿಂತಿತು. ನರ್ಸಮ್ಮ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು.

ಗಾರ್ಡ್ ಕೇಳಿದ: "ಹಂಗಾದ್ರೆ ಇಷ್ಟು ದಿನ ನಮಗೆ ಪಾಠ ಹೇಳ್ತಿದ್ದೋರು ಯಾರು ಮೇಡಂ?"

ಯಂತ್ರ ಎನ್ನಲು ಬಾಯಿ ತೆರೆದೆ. ಆಮೇಲೆ ನೀನು ತಿದ್ದಿದ ಫೆಬ್ರವರಿಯ ಪಾಠಗಳನ್ನು ನೆನೆದೆ. ಯಾರಿಗೆ ಎಲ್ಲಿ ತಿಳಿಯುವುದಿಲ್ಲವೆಂದು ಮೊದಲೇ ಊಹಿಸಿ ಬರೆದ ಆ ವಾಕ್ಯಗಳನ್ನು. ಗುಂಡಿ ಸಿಗದವನ ದೂರನ್ನು ಓದಿ, ಅವನು ದಡ್ಡನಲ್ಲ ಎಂದು ಹೇಳಲು ಕೂತವಳನ್ನು.

"ನಮ್ಮಕ್ಕ" ಎಂದೆ.

"ಅವರು ಇದಾರಲ್ಲ?" ಎಂದ ಕಂಡಕ್ಟರ್.

"ಇದಾಳೆ."

"ಮತ್ತೆ ಅವರನ್ನೇ ಕರ್ಕೊಂಡು ಬನ್ನಿ. ಪರೀಕ್ಷೆಗೆ ಇನ್ನೂ ಟೈಮಿದೆ."

ಪಾರ್ಲರಿನ ಹುಡುಗಿ ಎದ್ದು ಗೋಡೆಯ ಪರದೆಯನ್ನು ಸುತ್ತಿಟ್ಟಳು. ಇವತ್ತಿನ ಪಾಠವನ್ನು ನಾವು ಕೇಳಲಿಲ್ಲ. ಜ್ವರ ಇಳಿಯಿತೋ ಏರಿತೋ ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದುಕೊಂಡಿದ್ದೇವೆ. ನೀನು ಬೆಳಿಗ್ಗೆಯೇ ಕೇಳಿರುತ್ತೀಯ. ಕೇಳಿದ್ದರೆ ನನಗೆ ಹೇಳಬೇಡ. ಹೇಳದೆ ಇರಲಾಗದಿದ್ದರೆ ಹೇಳು.

ಸಹಿ ಹಾಕಬೇಡ ಎನ್ನುವುದಿಲ್ಲ. ಅದು ನಿನ್ನ ಕೈ. ಆದರೆ ಆ ಕಾಗದದ ಮುಂದೆ ನೀನು ಒಬ್ಬಳೇ ಕೂರುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ, ಭಾಷಣ ಮಾಡುವುದಿಲ್ಲ. ಹೊರಗೆ ಬಂದಮೇಲೆ ನಿನ್ನ ಮನೆಗೆ ಹೋಗಿ, ಆ ಸಿರಪ್ ಬಾಟಲಿಯನ್ನು ಇಬ್ಬರೂ ಸೇರಿ ಏನು ಮಾಡಬೇಕೋ ಮಾಡೋಣ. ಸಂಜೆ ತರಗತಿಗೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಗುರುವಾರ, ಜೂನ್ ೧೧, ಬೆಳಿಗ್ಗೆ ಹತ್ತು ಗಂಟೆ. ನಿಮ್ಮ ಕಟ್ಟಡದ ಮುಂಬಾಗಿಲಲ್ಲಿ.

ನಿನ್ನ ತಂಗಿ